ಅರ್ಜಿದಾರರು ಹೊರಗೆ ಹೋಗಿದ್ದಾರೆ

ಸರ್ಕಾರದ ಸಬ್ಸಿಡಿಯನ್ನು ನನ್ನ ಸೋದರಮಾವ ಪ್ರೀತಿಸಿದಷ್ಟು ಇನ್ನೊಬ್ಬ ಮನುಷ್ಯ ಪ್ರೀತಿಸಿರಲಾರ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕನ್ನೂ ಜರಡಿ ಹಿಡಿದರೂ ಅಂಥ ಪ್ರೇಮಿ ನಿಮಗೆ ಸಿಕ್ಕುವುದಿಲ್ಲ. ಆದರೆ ಪ್ರೀತಿಯೆಲ್ಲ ಇವನ ಕಡೆಯಿಂದಲೇ! ವರ್ಷಗಟ್ಟಲೆ ಅದರ ಹಿಂದೆ ಚಪ್ಪಲಿ ಸವೆಸಿದ. ಅದು ಒಂದು ಸಲವಾದರೂ ಕತ್ತು ತಿರುಗಿಸಿ ಇವನನ್ನು ನೋಡಬೇಕಲ್ಲ?

ತೊಂಬತ್ತರ ದಶಕದ ಮಾತು. ಯಾವ ಬೆಳೆಗೆ ಯಾವ ಇಲಾಖೆ, ಯಾವ ಇಲಾಖೆಗೆ ಯಾವ ಫಾರಮ್ಮು, ಯಾವ ಫಾರಮ್ಮಿಗೆ ಎಷ್ಟು ಫೋಟೋ, ಎಲ್ಲವೂ ಅವನಿಗೆ ಬಾಯಿಪಾಠ. ಸಂಜೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬಂತೆಂದರೆ ಮನೆಯಲ್ಲಿ ಯಾರೂ ಸೀನುವಂತಿಲ್ಲ. ಬೇವಿನ ಹಿಂಡಿಗೆ ಸಹಾಯಧನ ಎಂದು ರೇಡಿಯೋ ಅಂದರೆ ಸಾಕು, ಮಗಳ ಮದುವೆ ನಿಶ್ಚಯವಾದವನಂತೆ ಎದ್ದು ನಿಲ್ಲುತ್ತಿದ್ದ. ಗ್ರಾಮಸೇವಕರೇ ಅವನನ್ನು ಹುಡುಕಿಕೊಂಡು ಬಂದು, "ಗೌಡ್ರೇ, ಹೊಸಾ ಸುತ್ತೋಲೆ ಬಂದದೆ, ಒಸಿ ಬಿಡ್ಸಿ ಹೇಳಿ" ಅನ್ನುತ್ತಿದ್ದರು ಎಂದ ಮೇಲೆ ನೀವೇ ಊಹಿಸಿ.

ಊರಿನ ಅರ್ಧ ಜನಕ್ಕೆ ಮಾವ ಬರೆದುಕೊಟ್ಟ ಅರ್ಜಿಯಿಂದಲೇ ಏನಾದರೊಂದು ಬಂದಿತ್ತು. ಒಬ್ಬರಿಗೆ ಔಷಧಿ ಹೊಡೆಯುವ ಸ್ಪ್ರೇಯರು ಬಂತು. ಅವರು ಅದರಲ್ಲಿ ಯುಗಾದಿಗೆ ಮನೆಗೆ ಸುಣ್ಣ ಹೊಡೆದರು. ಇನ್ನೊಬ್ಬರಿಗೆ ಗೋಬರ್ ಗ್ಯಾಸಿನ ದೊಡ್ಡ ಕಬ್ಬಿಣದ ಡ್ರಮ್ಮು ಬಂತು. ಗುಂಡಿ ತೋಡುವುದು ಬೇಜಾರೆಂದು ಅವರು ಅದನ್ನು ಹಿತ್ತಿಲಲ್ಲಿ ಬೋರಲು ಹಾಕಿ ಕೋಳಿ ಮುಚ್ಚಿದರು. ತಪಾಸಣೆಗೆ ಬಂದ ಸಾಹೇಬರು ಡ್ರಮ್ಮಿನ ಮೇಲೆ ತಟ್ಟಿ, "ಗ್ಯಾಸ್ ಬರ್ತಾ ಇದೆಯೇನ್ರೀ?" ಎಂದರೆ ಒಳಗಿಂದ ಹುಂಜ ಕೂಗಿತು!

ಮಾವನ ಮನೆಗೆ ಮಾತ್ರ ಏನೂ ಬರಲಿಲ್ಲ. ಅವನ ಹೆಂಡತಿ, ಅಂದರೆ ನಮ್ಮ ಚಿಕ್ಕತ್ತೆ, ಬಾಯಿ ಬಿಟ್ಟರೆ ಇದೇ ಮಾತು.

"ಗಂಡಂದಿರ್ನ ವಾಪಸ್ ಕೊಟ್ರೆ ಸಬ್ಸಿಡಿ ಕೊಡ್ತೀವಿ ಅಂತ ಒಂದು ಸ್ಕೀಮ್ ಬರ್ಲಿ ಕಣವ್ವ, ಪೇಟೇಲಿ ಮೊದಲ್ನೇ ಅರ್ಜಿ ನಂದೇಯ. ಒಂದ್ ಎಮ್ಮೆನಾದ್ರೂ ಸಿಕ್ಕೀತು."

"ಅದ್ಕೂ ಅರ್ಜಿ ಬರ್ಕೊಡಾಕೆ ನಾನೇ ಬೇಕಲ್ಲೇ!" ಎನ್ನುತ್ತಿದ್ದ ಮಾವ, ಕನ್ನಡಕ ಒರೆಸುತ್ತ.

ಇಷ್ಟು ಬಲ್ಲವನು ತನ್ನ ಮನೆಗೊಂದು ಅರ್ಜಿ ಹಾಕಿಕೊಳ್ಳಲಿಲ್ಲವೇ ಎಂದು ನೀವು ಕೇಳಬಹುದು. ಹಾಕಿದ! ಪ್ರತಿ ವರ್ಷವೂ ಹಾಕಿದ. ತೊಡಕೆಲ್ಲ ಅರ್ಜಿಯ ಮೊದಲನೆಯ ಕಲಮಿನಲ್ಲೇ ಇತ್ತು. "ಅರ್ಜಿದಾರರ ಹೆಸರು" ಎಂಬಲ್ಲಿ ಅವನು ತನ್ನ ಅಣ್ಣನ ಹೆಸರು ಬರೆಯುತ್ತಿದ್ದ. ಬರೆಯಲೇಬೇಕು, ಏಕೆಂದರೆ ಜಮೀನಿನ ಖಾತೆ ಇದ್ದದ್ದು ಅಣ್ಣನ ಹೆಸರಿನಲ್ಲಿ. ಆ ಅಣ್ಣ, ನನ್ನ ದೊಡ್ಡಮಾವ, ಮನೆಯಲ್ಲಿರಲಿಲ್ಲ.

ನಮ್ಮವ್ವನ ತವರೂರು ಕಚೇರಿ ಲೆಕ್ಕಕ್ಕೆ ಕೆ.ಆರ್.ಪೇಟೆ, ಕಬ್ಬಿನ ಲೆಕ್ಕಕ್ಕೆ ಪಾಂಡವಪುರ. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ದೊಡ್ಡಮಾವ ಒಂದು ಬೆಳಗ್ಗೆ ಗಾಡಿಗೆ ಕಬ್ಬು ಹೇರಿಕೊಂಡು ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋದ. ಕಬ್ಬು ತೂಕವಾಯಿತು, ಇಳಿಸಿಯೂ ಆಯಿತು. ಮಾರನೆಯ ದಿನ ಗಾಡಿ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಮರದಡಿ ಸಿಕ್ಕಿತು. ಎತ್ತುಗಳ ಮುಂದೆ ಹುಲ್ಲು ಹಾಕಿತ್ತು. ಹಾಕಿದವನು ಇರಲಿಲ್ಲ. ಮನೆಯಲ್ಲಿ ಜಗಳವಾಗಿರಲಿಲ್ಲ, ಮೈಯಲ್ಲಿ ಕಾಯಿಲೆಯಿರಲಿಲ್ಲ. ಮಕ್ಕಳಾಗಲಿಲ್ಲ ಎಂಬ ಕೊರಗೊಂದಿತ್ತು; ಆ ಕೊರಗಿಗೆ ಎಲ್ಲರೂ ರೈಲು ಹತ್ತಿದರೆ ರೈಲಿನಲ್ಲಿ ಜಾಗ ಸಾಲುತ್ತದೆಯೇ? ಮೈಸೂರು, ಅರಸೀಕೆರೆ, ಧರ್ಮಸ್ಥಳ, ತಿರುಪತಿ ಎಂದು ಮಾವ ವರ್ಷವೆಲ್ಲ ಅಲೆದ. ಆಮೇಲೆ ಅಲೆಯುವುದನ್ನು ಬಿಟ್ಟು ಅರ್ಜಿ ಬರೆಯಲು ಕೂತ.

ಅರ್ಜಿ ಹೋಗುತ್ತಿದ್ದ ಕಚೇರಿ ಯಾವುದೆಂದು ಕೇಳಬೇಡಿ. ಅವರೂ ಬದುಕಬೇಕು, ಮೇಲಾಗಿ ಅವರ ತಪ್ಪೂ ಏನಿರಲಿಲ್ಲ. ಅಲ್ಲಿನ ಗುಮಾಸ್ತರು ಅರ್ಜಿ ತಿರುವಿಹಾಕಿ ಕೇಳುತ್ತಿದ್ದರು:

"ಅರ್ಜಿದಾರರು ಎಲ್ರೀ?"

"ಹೊರಗೆ ಹೋಗವ್ರೆ ಸಾ."

"ಯಾವಾಗ ಬತ್ತಾರೆ?"

"ಬತ್ತಾರೆ ಸಾ. ಹೇಳ್ಬುಟ್ಟು ಹೋಗಿಲ್ಲ."

ಗುಮಾಸ್ತರು ಫೈಲಿನ ಅಂಚಿನಲ್ಲಿ "ಅರ್ಜಿದಾರರು ಹೊರಗೆ ಹೋಗಿದ್ದಾರೆ. ಬಂದ ಮೇಲೆ ಪರಿಶೀಲಿಸುವುದು" ಎಂದು ಬರೆದರು. ಮುಂದಿನ ವರ್ಷ ಬೇರೆ ಗುಮಾಸ್ತರು ಬಂದರು. ಹಿಂದಿನವರು ಬರೆದದ್ದನ್ನು ನೋಡಿ ಅದನ್ನೇ ಬರೆದರು. ಫೈಲು ದಪ್ಪವಾಗುತ್ತ ಹೋಯಿತು, ಒಳಗಿನ ವಾಕ್ಯ ಮಾತ್ರ ಒಂದೇ. ಹೀಗೆ ಬರೆದವರಲ್ಲೊಬ್ಬರು ನಿವೃತ್ತರಾಗುವ ದಿನ ಮಾವನನ್ನು ಕರೆದು ಟೀ ಕುಡಿಸಿದರಂತೆ.

"ನೋಡಿ ಗೌಡ್ರೇ, ನಾನು ಸರ್ವೀಸೇ ಮುಗ್ಸಿ ಮನೆಗೆ ಹೊಂಟಿವ್ನಿ. ನಿಮ್ಮಣ್ಣ ಇನ್ನೂ ಮನೆಗೆ ಬರ್ಲಿಲ್ವಲ್ರೀ!"

ಮಾವ ಟೀ ಕುಡಿದು ಲೋಟ ಕೆಳಗಿಟ್ಟು ಹೇಳಿದನಂತೆ: "ನೀವು ಮೂವತ್ತು ವರ್ಸ ಆದ್ಮೇಲೆ ಹೊಂಟ್ರಿ ಸಾ. ನಮ್ಮಣ್ಣಂಗಿನ್ನೂ ಹತ್ತೇಯ ಆಗಿರಾದು."

ನಾನು ಆ ಹೊತ್ತಿಗೆ ಮದುವೆಯಾಗಿ ಕೆ.ಆರ್.ಪೇಟೆಯಲ್ಲಿ ಸ್ಕೂಲ್ ಟೀಚರಾಗಿದ್ದೆ. ಮಾವನಿಗೆ ಪೇಟೆಯಲ್ಲಿ ನನ್ನ ಮನೆಯೇ ಶಾಖಾ ಕಚೇರಿ. ಬೆಳಗಿನ ಬಸ್ಸಿಗೆ ಬಂದು ಚೀಲ ಇಟ್ಟು, ನೀರು ಕುಡಿದು, ಕಚೇರಿಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. "ಏನಾಯ್ತು ಮಾವ?" ಎಂದರೆ "ಬರೀಬೇಕಾದ್ದ ಬರ್ದವ್ರೆ ಕಣವ್ವ" ಎನ್ನುತ್ತಿದ್ದ. ಅದರಲ್ಲಿ ಒಂದು ಬಗೆಯ ಸಮಾಧಾನವೂ ಇದ್ದಂತೆ ನನಗೆ ಕೇಳುತ್ತಿತ್ತು. ಅದೆಂಥ ಸಮಾಧಾನವೆಂದು ಆಗ ನನಗೆ ಹೊಳೆಯಲಿಲ್ಲ.

ಚುನಾವಣೆ ಬಂದರೆ ಅವನ ಇನ್ನೊಂದು ಮುಖ ನೋಡಬೇಕಿತ್ತು. ದೊಡ್ಡಮಾವನ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದಿತ್ತು. ಉಳಿಯುವಂತೆ ಮಾವ ನೋಡಿಕೊಂಡಿದ್ದ. ಉಳಿದ ಮೇಲೆ ಆ ಓಟನ್ನು ಕಾಯಬೇಡವೇ? ಬೆಳಗ್ಗೆ ಏಳಕ್ಕೇ ಬೂತಿಗೆ ಹೋಗಿ ಏಜೆಂಟರ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಯಾವ ಪಕ್ಷದ ಏಜೆಂಟು? ಯಾವುದೂ ಅಲ್ಲ! ಅಣ್ಣನ ಏಜೆಂಟು. ಒಮ್ಮೆ ಒಂದು ಪಕ್ಷದ ಹುಡುಗರು ಬಂದು ಕಿವಿ ಕಚ್ಚಿದರು.

"ಗೌಡಣ್ಣ, ನಿಮ್ಮಣ್ಣನ ಓಟು ಸುಮ್ಕೆ ವೇಸ್ಟಾಯ್ತದೆ. ನಾವೇ ಒತ್ಬುಡಾನೆ?"

"ಒತ್ರಪ್ಪ. ನಾಳೆ ಅವ್ನು ಬಂದು ನನ್ನೋಟು ಯಾರ್ಗ್ಲಾ ಆಕುಸ್ದೆ ಅಂದ್ರೆ ನೀವೇ ಬಂದು ಜವಾಬು ಹೇಳ್ಬೇಕು. ಎದ್ರುಗೆ ನಿಂತ್ರೆ ಅವ್ನ ಕೈ ಜೋರು, ನೆನಪದೆ ತಾನೆ?"

ಹುಡುಗರು ನಗುತ್ತ ಹೋದರು. ಸಂಜೆ ಬೂತಿನ ಬಾಗಿಲು ಮುಚ್ಚುವ ಹೊತ್ತಿಗೆ ಮಾವ ಎದ್ದು ಅಧಿಕಾರಿಗೆ ಕೈಮುಗಿದು, "ಸಾ, ಒಂದೈದು ನಿಮ್ಸ ನೋಡಾನ" ಅಂದ. ಎಲ್ಲರೂ ನಕ್ಕರು. ಅಧಿಕಾರಿ ಪರ ಊರಿನವರು, ಯಾರೋ ಗೌರವಸ್ಥರು ಬರುವುದಿದೆಯೆಂದು ತಿಳಿದು ಐದು ನಿಮಿಷ ಬಾಗಿಲ ಕಡೆಯೇ ನೋಡುತ್ತ ಕೂತರಂತೆ. ಅವರು ನೋಡುವುದನ್ನು ಕಂಡು ಬೂತಿನಲ್ಲಿ ನಗುತ್ತಿದ್ದವರೂ ಒಬ್ಬೊಬ್ಬರಾಗಿ ಸುಮ್ಮನಾಗಿ ಬಾಗಿಲ ಕಡೆ ತಿರುಗಿದರಂತೆ. ಆಮೇಲೆ ಬಾಗಿಲು ಹಾಕಿದರು.

ಈಗ ಹುಳುವಿನ ವಿಷಯಕ್ಕೆ ಬರೋಣ. ಮಾವ ಬೇಡುತ್ತಿದ್ದ ಸಬ್ಸಿಡಿ ಅದಕ್ಕೇ.

ಅವರದು ಹಿಪ್ಪುನೇರಳೆ ತೋಟ, ರೇಷ್ಮೆ ಬೆಳೆ. ಬೆಳೆ ನಡೆಯುವ ದಿನಗಳಲ್ಲಿ ಆ ಮನೆಯೊಳಗೆ ವಾಸ ಮಾಡುವುದು ಹುಳುಗಳು. ಪಡಸಾಲೆ, ಕೋಣೆ ಎಲ್ಲ ಕಡೆ ಹುಳುವಿನ ತಟ್ಟೆ. ಮನುಷ್ಯರು ಜಗಲಿಯ ಮೇಲೆ. ಹುಳುವಿಗೆ ಘಾಟು ಆಗುವುದಿಲ್ಲವೆಂದು ಒಗ್ಗರಣೆ ನಿಷೇಧ, ಊದುಬತ್ತಿ ನಿಷೇಧ, ಹೊರಗಿನವರು ಒಳಗೆ ಬರುವುದಂತೂ ಸುತರಾಂ ನಿಷೇಧ. ನಮ್ಮೆಜಮಾನರು ಹೊಸ ಅಳಿಯನಾಗಿ ಅಲ್ಲಿಗೆ ಹೋದಾಗ ಎರಡು ಹೊತ್ತು ಒಗ್ಗರಣೆಯಿಲ್ಲದ ಸಾರು ಉಂಡು, "ನಿಮ್ಮ ಮನೇಲಿ ಅಳಿಯನಿಗಿಂತ ಹುಳಕ್ಕೇ ಮರ್ಯಾದೆ ಜಾಸ್ತಿ" ಎಂದುಬಿಟ್ಟರು.

"ಅಳಿಯಂದ್ರು ಗೂಡು ಕಟ್ಟಾಕಿಲ್ವಲ್ಲಪ್ಪ!" ಎಂದ ಮಾವ. ನಮ್ಮವರು ಅದೇ ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಂಡರು.

ಹುಳುವಿನ ಕೆಲಸವೆಲ್ಲ ದೊಡ್ಡತ್ತೆಯದು. ದೊಡ್ಡಮಾವನ ಹೆಂಡತಿ. ಗಂಡ ಹೋದ ಮೇಲೆ ತವರಿನವರು ಬಂದು ಕರೆದರೂ ಹೋಗದೆ ಇಲ್ಲೇ ಉಳಿದವಳು. ಸೊಪ್ಪು ಹೆಚ್ಚುವುದು, ಹೊತ್ತುಹೊತ್ತಿಗೆ ಹಾಕುವುದು, ಹಿಕ್ಕೆ ತೆಗೆಯುವುದು, ರಾತ್ರಿ ಆ ತಟ್ಟೆಗಳ ಪಕ್ಕದಲ್ಲೇ ಒಂದು ಚಾಪೆ. ಸೊಪ್ಪಿನ ತೇವ, ಹಿಕ್ಕೆಯ ಧೂಳು, ತಟ್ಟೆ ತೊಳೆಯುವ ಔಷಧಿಯ ಘಾಟು, ಎಲ್ಲವೂ ಅವಳ ಎದೆಗೇ. ಮೊದಲು ಕೆಮ್ಮು ಬಂತು. ಆಮೇಲೆ ಮೆಟ್ಟಿಲು ಹತ್ತಿದರೆ ಕೂತುಕೊಳ್ಳುವಂತಾಯಿತು. ಪಾಂಡವಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮಾವನನ್ನು ಮಾತ್ರ ಹೊರಗೆ ಕರೆದು ಹೇಳಿದರು: "ಹುಳುಗಳ ಜೊತೆ ಇವರು ಮಲಗಬಾರದು. ಇನ್ನೆರಡು ಚಳಿಗಾಲ ಹೀಗೇ ಕಳೆದರೆ ನನ್ನ ಹತ್ತಿರ ಕರಕೊಂಡು ಬಂದು ಪ್ರಯೋಜನವಿಲ್ಲ."

ಪ್ರತ್ಯೇಕ ಹುಳುಮನೆ ಕಟ್ಟಿಸಬೇಕು. ಕೈಯಿಂದ ಕಟ್ಟಿಸುವ ತ್ರಾಣವಿಲ್ಲ. ಒಮ್ಮೆ ತಡಿಕೆ ಕಟ್ಟಿ ಗರಿ ಹೊದಿಸಿ ಒಂದು ಶೆಡ್ಡು ಮಾಡಿದರು. ಅದರ ಸಂದಿಯಿಂದ ಊಜಿ ನೊಣ ನುಗ್ಗಿ ಹುಳುವಿನ ಮೇಲೆ ಮೊಟ್ಟೆಯಿಟ್ಟು ಬೆಳೆಯೆಲ್ಲ ಹಾಳಾಯಿತು. ಇಟ್ಟಿಗೆ ಗೋಡೆ, ಕಿಟಕಿಗೆ ಜಾಲರಿ ಬೇಕು. ಅಂಥದಕ್ಕೆ ಸರ್ಕಾರ ಸಬ್ಸಿಡಿ ಕೊಡುತ್ತಿತ್ತು. ಆದರೆ ಖಾತೆದಾರನೇ ಅರ್ಜಿದಾರನಾಗಬೇಕು, ಅರ್ಜಿದಾರರು ಹೊರಗೆ ಹೋಗಿದ್ದಾರೆ!

ದೊಡ್ಡಮಾವ ಹೋಗಿ ಹನ್ನೆರಡು ವರ್ಷವಾದಾಗ ಒಬ್ಬ ಹೊಸ ರೆವಿನ್ಯೂ ಇನ್‌ಸ್ಪೆಕ್ಟರು ಬಂದರು. ಸಭ್ಯ ಮನುಷ್ಯ. ಆ ದಪ್ಪ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿದವರು ಅವರೊಬ್ಬರೇ ಇರಬೇಕು. ಮಾವನ ಜೊತೆ ಆ ದಿನ ನಾನೂ ಹೋಗಿದ್ದೆ.

"ಗೌಡ್ರೇ, ಏಳು ವರ್ಷ ಸುದ್ದಿಯೇ ಇಲ್ಲದವರನ್ನ ಕಾನೂನು ತೀರಿಕೊಂಡವರು ಅಂತಲೇ ತಿಳಿಯುತ್ತೆ" ಎಂದರು ಅವರು, ಮೆಲ್ಲಗೆ. "ಮೊದಲು ನಿಮ್ಮೂರಲ್ಲಿ ಒಂದು ಮಹಜರು. ನಾವ್ಯಾರೂ ಕಂಡಿಲ್ಲ, ಕೇಳಿಲ್ಲ ಅಂತ ಊರಿನವರು, ನೀವು ಸಹಿ ಹಾಕಿ. ಅದನ್ನಿಟ್ಟುಕೊಂಡು ಕೋರ್ಟಿಗೆ ಹೋದರೆ ಖಾತೆ ಅವರ ಹೆಂಡತಿ ಹೆಸರಿಗಾಗುತ್ತೆ. ಹುಳುಮನೆ ಮಂಜೂರಾತಿನ ಅಲ್ಲೀವರೆಗೆ ಕಾಯಿಸೋಕೆ ನಾನು ಹೇಳ್ತೀನಿ."

ಮಾವ ಅವರ ಮೇಜಿನ ಮೇಲಿದ್ದ ಫಾರಮ್ಮುಗಳ ಕಟ್ಟನ್ನೇ ನೋಡಿದ.

"ಬ್ಯಾರೆ ಫಾರಂ ಇಲ್ವಾ ಸಾ?"

"ಯಾವುದಕ್ಕೆ?"

"ಹೋಗವ್ನೆ, ಆದ್ರೆ ಸತ್ತಿಲ್ಲ ಅನ್ನಾದಕ್ಕೆ."

"ಅಂಥ ಫಾರಂ ಸರ್ಕಾರ ಇನ್ನೂ ಅಚ್ಚು ಹಾಕಿಸಿಲ್ಲ ಗೌಡ್ರೇ."

ಎಲ್ಲಾ ಫಾರಮ್ಮುಗಳನ್ನೂ ಬಲ್ಲ ನನ್ನ ಮಾವ ತನ್ನ ಕೆಲಸಕ್ಕೆ ಫಾರಮ್ಮಿಲ್ಲ ಎಂಬ ಮಾತನ್ನು ಅದೇ ಮೊದಲು ಕೇಳಿದ್ದು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬೈದೆ.

"ಒಂದು ಸಹಿ ತಾನೆ ಮಾವ? ಹಾಕೋಕೇನು ನಿಂಗೆ?"

"ನಿಂಗೇನವ್ವ, ಟೀಚರಮ್ಮ! ಸಹಿ ಅಂದ್ರೆ ಹಾಜ್ರಿ ಪುಸ್ತಕ ಅನ್ಕಂಡಿದ್ದೀಯ. ಆ ಕಾಗ್ದ ಆದ ದಿನ ಊರೋರು ಸುಮ್ಕಿದ್ದಾರಾ? ತಿಥಿ ಮಾಡು ಅಂತಾರೆ. ಬಳೆ ತಗ್ಸು ಅಂತಾರೆ. ಗೌರಿ ಹಬ್ಬುಕ್ಕೆ ಅತ್ಗೇಗೆ ಯಾರೂ ಮೊರದ ಬಾಗಿನ ಕೊಡಾಕಿಲ್ಲ. ಅತ್ಗೆ ಹಣೆ ಮ್ಯಾಲಿನ ಕುಂಕ್ಮ ಅಳ್ಸಿ ಆ ಕೈಲೇ ಹುಳಿನ್ ಮನೆಗೆ ಇಟ್ಗೆ ಮಡಗಾನ?"

"ಕುಂಕುಮ ಇಡೋಕೆ ಹಣೆ ಉಳೀಬೇಕಲ್ಲ ಮಾವ."

ಅಂದಮೇಲೆ ಹೀಗೆ ಅನ್ನಬಾರದಿತ್ತು ಅನ್ನಿಸಿತು. ಮಾವ ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ ಹೋದ.

ಮುಂದಿನ ಭಾನುವಾರ ನಾನೇ ಊರಿಗೆ ಹೋಗಿ ದೊಡ್ಡತ್ತೆಯ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದೆ. ಮಹಜರು, ಕೋರ್ಟು, ಖಾತೆ, ಹುಳುಮನೆ, ಬಳೆ, ಕುಂಕುಮ. ಅವಳು ಸೊಪ್ಪು ಹೆಚ್ಚುತ್ತಲೇ ಇದ್ದಳು.

"ನಿಮ್ಮಾವ ಎಂಗಂತನೋ ಅಂಗೆ ಕಣವ್ವ" ಎಂದಳು. ಅಷ್ಟೇ. ಹನ್ನೆರಡು ವರ್ಷದಲ್ಲಿ ಗಂಡನ ಸುದ್ದಿಯನ್ನು ಅವಳು ತಾನಾಗಿ ಒಮ್ಮೆಯೂ ಎತ್ತಿದ್ದಿಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗಿ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ನಾವೂ ಅವಳಿಗೆ ಹೇಳಿದ್ದೆವೇ ಹೊರತು ಕೇಳಿದ್ದಿಲ್ಲ.

ಆ ಚಳಿಗಾಲ ಅವಳ ಕೆಮ್ಮು ಜೋರಾಯಿತು. ಜಗಲಿಯ ಮೇಲೆ ಮಲಗಿದವರಿಗೆ ಅದು ಗೋಡೆಯಾಚೆಯಿಂದ ಕೇಳುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಮಾವ ಪೇಟೆಗೆ ಬಂದು, ನನ್ನ ಮುಖ ನೋಡದೆ, "ಆಯ್ತು ಕಣವ್ವ. ಬಂದು ಬರ್ಕಂಡು ಹೋಗಾಕೆ ಹೇಳು" ಎಂದ. ಗೆದ್ದೆ ಎಂದು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮಹಜರಿಗೆ ದಿನ ಗೊತ್ತಾಯಿತು. ಆದರೆ ಹುಳುವಿಗೆ ರೆವಿನ್ಯೂ ಇಲಾಖೆಯ ಡೈರಿ ಗೊತ್ತೇ? ಸರಿಯಾಗಿ ಅದೇ ದಿನ ಹುಳ ಹಣ್ಣಾಯಿತು! ಹಣ್ಣಾಗುವುದೆಂದರೆ ಹುಳು ಸೊಪ್ಪು ಬಿಟ್ಟು, ಮೈ ಗಾಜಿನಂತಾಗಿ, ಗೂಡು ಕಟ್ಟಲು ಜಾಗಕ್ಕಾಗಿ ತಲೆಯೆತ್ತಿ ಹುಡುಕುವುದು. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆಯ ಮೇಲೆ, ಎಂದರೆ ಬಿದಿರಿನ ಸುರುಳಿ ಸುತ್ತಿದ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ನೂಲೆಲ್ಲ ದಂಡ. ಹಣ್ಣು ಹುಳ ಆಯುವುದಕ್ಕೆ ನೆಂಟರಿಷ್ಟರೆಲ್ಲ ಬರಬೇಕು, ನಾನೂ ರಜ ಹಾಕಿ ಹೋಗಿದ್ದೆ. ಒಳಗೆ ನಾನು, ಚಿಕ್ಕತ್ತೆ, ದೊಡ್ಡತ್ತೆ ಹುಳ ಆಯುತ್ತಿದ್ದೆವು. ಹೊರಗಿನವರು ಒಳಗೆ ಬರುವಂತಿಲ್ಲವಾದ್ದರಿಂದ ಸರ್ಕಾರ ಜಗಲಿಯ ಮೇಲೆ ಕೂತಿತು. ಬಾಗಿಲು ಅರ್ಧ ತೆರೆದಿತ್ತು. ದೊಡ್ಡತ್ತೆ ಬಾಗಿಲ ಪಕ್ಕದ ತಟ್ಟೆಯ ಮುಂದಿದ್ದಳು.

ಇನ್‌ಸ್ಪೆಕ್ಟರು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸುವುದು ಕ್ರಮ. ಓದಿದರು.

"...ಸದರಿ ವ್ಯಕ್ತಿಯು ಸುಮಾರು ಹನ್ನೆರಡು ವರ್ಷಗಳಿಂದ ಗ್ರಾಮದಲ್ಲಿ ವಾಸವಿರುವುದಿಲ್ಲ. ಸದರಿಯವರನ್ನು ನಾವಾಗಲಿ, ಅವರ ಬಂಧುಗಳಾಗಲಿ ಎಲ್ಲಿಯೂ ಕಂಡಿರುವುದಿಲ್ಲ, ಅವರ ವಿಷಯ ಕೇಳಿರುವುದಿಲ್ಲ. ಆದ್ದರಿಂದ ಸದರಿಯವರು ಬದುಕಿರುವ..."

ಅಲ್ಲಿ ಅವರೇ ದನಿ ತಗ್ಗಿಸಿದರು. ಒಳಗೆ ಚಿಕ್ಕತ್ತೆಯ ಕೈ ನಿಂತಿತು, ನನ್ನ ಕೈ ನಿಂತಿತು. ದೊಡ್ಡತ್ತೆ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಹೊರಗೆ ಊರ ಯಜಮಾನರು, ಎಂಬತ್ತು ದಾಟಿದವರು, ಅಕ್ಷರ ಕೂಡಿಸಿ ಕೂಡಿಸಿ ಸಹಿ ಮಾಡಿದರು. ಇನ್ನು ನಾಲ್ವರು ಹೆಬ್ಬೆಟ್ಟು ಒತ್ತಿದರು. ಪೆನ್ನು ಮಾವನ ಕೈಗೆ ಬಂತು.

"ತಡೀರಿ ಸಾ" ಎಂದ ಮಾವ. "ಕಂಡಿಲ್ಲ ಅಂತ ಬರ್ದಿದ್ದೀರಿ."

"ಹೌದು ಗೌಡ್ರೇ."

"ನಾನ್ ಕಂಡಿವ್ನಿ."

ಇನ್‌ಸ್ಪೆಕ್ಟರು ಹಾಳೆಯಿಂದ ತಲೆಯೆತ್ತಿದರು.

"ಯಾವಾಗ?"

"ಹೋದ ಗುರ್ವಾರ."

ಯಜಮಾನರು ಕೋಲೂರಿ ಎದ್ದರು. "ಎಲ್ಲಿ ಕಂಡ್ಯಲಾ?"

"ಪಾಂಡವಪುರದ ಟೇಸನ್ನಾಗೆ."

"ಹೋದ ಗುರ್ವಾರ ನೀನು ಇದೇ ಜಗ್ಲಿ ಮ್ಯಾಲೆ ನನ್ನೆದ್ರುಗೆ ಕುಂತು ಎಲಡ್ಕೆ ಆಕ್ತಿದ್ಯಲ್ಲೋ!"

"ಅದು ಬೆಳುಗ್ಗೆ. ಇದು ಮದ್ದಾನ."

"ಮದ್ದಾನ ಅಲ್ಲಿ ಯಾವ ರೈಲ್ಲಾ ನಿಂತದೆ?"

"ಬೆಳುಗ್ಗೆದು ಲೇಟಾಗಿ ಬಂತು."

"ಆಟೊಂದು ಲೇಟಾ?"

"ಹಂಗಾದ್ರೆ ಸಂಜೇದು ಬಿರ್ನೆ ಬಂತು ಅಂತ ಮಡೀಕೊ ಯಜಮಾನ್ರೇ! ರೈಲು ಓಡ್ಸಾದು ನಾನಾ?"

ಜೀವಮಾನದಲ್ಲಿ ಒಂದು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬಿಸಿ ಕಬ್ಬಿಣ ಹಿಡಿದವನಂತೆ ಆ ಸುಳ್ಳನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತ ನಿಂತಿದ್ದ.

"ಮಾತಾಡ್ಸುದ್ಯಾ?"

"ರೈಲು ಹೊಂಟೋಯ್ತು."

"ರೈಲು ತಾನಾಗಿ ಹೋಗ್ನಿಲ್ಲ ಕಣ್ಲಾ, ನೀನ್ ಬುಡ್ತಾ ಇದ್ದೀಯ!" ಎಂದು ಯಜಮಾನರು ಕೂಗಿದರು. ಹೆಬ್ಬೆಟ್ಟು ಒತ್ತಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇನ್‌ಸ್ಪೆಕ್ಟರು ನಗಲಿಲ್ಲ. "ಗೌಡ್ರೇ" ಎಂದರು, "ನೀವು ಕಂಡಿದ್ದೀನಿ ಅಂತ ಹೇಳಿದ ಮೇಲೆ ನಾನು ಅದನ್ನ ಬರೀಲೇಬೇಕು. ಬರೆದರೆ ಇಷ್ಟು ವರ್ಷ ಆದದ್ದು ಲೆಕ್ಕಕ್ಕಿಲ್ಲ. ಆ ಏಳು ವರ್ಷನ ಇವತ್ತಿಂದ ಹೊಸದಾಗಿ ಎಣಿಸಬೇಕು. ಗೊತ್ತಲ್ಲ?"

"ಇವತ್ತಿಂದ ಅಲ್ಲ ಸಾ" ಎಂದ ಮಾವ. "ಹೋದ ಗುರ್ವಾರದಿಂದ."

ಅವರು ಮಾವನ ಮುಖವನ್ನೇ ನೋಡಿದರು. ಆಮೇಲೆ ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟುಕೊಂಡು, ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಕೊಟ್ಟ ಮಜ್ಜಿಗೆ ಕುಡಿದು, ಮೋಟಾರ್ ಸೈಕಲ್ ಹತ್ತಿ ಹೋದರು. ಯಜಮಾನರೂ ಉಳಿದವರೂ ಮಾವನ ವಂಶವನ್ನು ಒಂದು ಸುತ್ತು ಸ್ಮರಿಸಿ ಎದ್ದುಹೋದರು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೈಯಲ್ಲಿದ್ದ ತಟ್ಟೆ ಇಟ್ಟು ಹೊರಗೆ ಬಂದೆ. "ದೊಡ್ಡತ್ತೆ ಎದೆ ಏನಾಗಬೇಕು ಮಾವ? ಡಾಕ್ಟರು ಹೇಳಿದ್ದು ನಿನ್ನ ಹತ್ರ ತಾನೆ?"

"ಹೇಳವ್ರೆ" ಎಂದ ಮಾವ. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ, ಬಹಳ ಮುದುಕನಾಗಿ ಕಂಡ. "ನಮ್ ಒಳಗಿನ್ ಕ್ವಾಣೆ ಅದಲ್ಲ, ಅದ್ಕೆ ಹುಳ ಬ್ಯಾಡ. ಅತ್ಗೆ ಅಲ್ಲಿ ಬಾಗ್ಲು ಆಕ್ಕಂಡು ಮಲಿಕ್ಕಳ್ಲಿ. ಇವತ್ತಿಂದ ಹುಳಿನ್ ಜೊತೆ ನಾನ್ ಮಲಿಕ್ಕತೀನಿ. ಸೊಪ್ಪು, ಇಕ್ಕೆ, ತಟ್ಟೆ ತೊಳ್ಯಾದು, ಎಲ್ಲಾವ ನಾನೇಯ."

"ಇವ್ರ ಗೊರಕೆಗೆ ಹುಳ ಗೂಡ್ನೂ ಕಟ್ಟಾಕಿಲ್ಲ, ಏನೂ ಇಲ್ಲ" ಎಂದು ಒಳಗಿಂದ ಚಿಕ್ಕತ್ತೆ ಅಂದಳು. ಆದರೆ ಅವಳ ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಆಗಲೇ ಒಳಕೋಣೆಯ ತಟ್ಟೆಗಳನ್ನು ಎತ್ತಿ ಪಡಸಾಲೆಗೆ ಇಡುತ್ತಿರುವ ಸದ್ದು ಕೇಳುತ್ತಿತ್ತು.

ಹೊತ್ತು ಇಳಿಯುವಷ್ಟರಲ್ಲಿ ಹಣ್ಣು ಹುಳವೆಲ್ಲ ಚಂದ್ರಿಕೆ ಸೇರಿತು. ಮಾವ ಕೈ ತೊಳೆಯಲು ಕಲ್ಲುಚಪ್ಪಡಿಯ ಹತ್ತಿರ ಹೋದ. ದೊಡ್ಡತ್ತೆ ಚೊಂಬು ಹಿಡಿದುಕೊಂಡು ಹಿಂದೆಯೇ ಹೋಗಿ ನೀರು ಹಾಕಿದಳು. ಅವನ ಮಣಿಕಟ್ಟಿನ ತನಕ ರೇಷ್ಮೆಯ ಎಳೆಗಳು ಅಂಟಿದ್ದವು. ನಾನು ಹೊಸಿಲ ಮೇಲೆ ನಿಂತಿದ್ದೆ. ಬೈಯಬಹುದು, ಅಳಬಹುದು ಅಂದುಕೊಂಡೆ. ಅವಳು ತಲೆ ತಗ್ಗಿಸಿಯೇ ಕೇಳಿದಳು:

"ಯಾವ ಅಂಗಿ ಇಕ್ಕಂಡಿದ್ರಪ್ಪಾ?"

ಮಾವ ಸೋಪು ಹಚ್ಚಿದ ಕೈ ಹಾಗೇ ಹಿಡಿದು ನಿಂತ. ನನ್ನ ಕಡೆ ನೋಡಿದ, ಆಕಾಶ ನೋಡಿದ. ಯಾರಿಂದಲೂ ಸಹಾಯ ಬರಲಿಲ್ಲ.

"ಬಿಳೇದು... ಬಿಳೀ ಅಂಗಿ ಕಣತ್ಗೆ. ಚೆನ್ನಾಗಿ ಒಗೆದದ್ದು."

ನೀರು ಹಾಕುವುದು ನಿಂತಿತು.

"ಒಗ್ದಾಕೋರು ಯಾರೋ ಅವ್ರೆ ಅನ್ನು."

"ಇಲ್ಲಾ ಇಲ್ಲಾ!" ಮಾವ ಗಾಬರಿಯಿಂದ ಎರಡೂ ಕೈ ಆಡಿಸಿದ, ನೊರೆ ಸಿಡಿದು ಅವಳ ಮೇಲೆಲ್ಲ ಬಿತ್ತು. "ಅವ್ನೇ ಒಕ್ಕತನೆ ಕಣತ್ಗೆ. ಒಬ್ನೇ ಅವ್ನೆ. ಅವ್ನೇ ಒಕ್ಕತನೆ."

ದೊಡ್ಡತ್ತೆ ನಕ್ಕುಬಿಟ್ಟಳು. ಕೆಮ್ಮು ಬರುವವರೆಗೂ ನಕ್ಕಳು. "ಅವ್ರಾ? ಒಂದು ಟವಲ್ ಇಂಡಿ ಒಣಗಾಕಿದೋರಲ್ಲ!" ಎಂದು ಸೆರಗಿನಿಂದ ಮೊದಲು ಮುಖದ ಮೇಲಿನ ನೊರೆ ಒರೆಸಿಕೊಂಡಳು, ಆಮೇಲೆ ಕಣ್ಣು. ಚೊಂಬನ್ನು ಪಕ್ಕಕ್ಕಿಟ್ಟು, ಕಲ್ಲುಚಪ್ಪಡಿಯ ಮೇಲೆ ಕೂತು, ಎದುರಿನ ಜಾಗವನ್ನು ಕೈಯಿಂದ ತಟ್ಟಿದಳು.

"ಕುಂತ್ಕೊ" ಎಂದಳು. "ಮೊದ್ಲಿಂದ ಯೋಳು."